ಎರಡೂ ಎಡತೋಳು

ಜ್ವರ ಬಿಟ್ಟು ತಿಂಗಳುಗಳಾದರೂ, ಹಲ್ಲುಜ್ಜಿದೆನೋ ಇಲ್ಲವೋ ಎಂಬುದನ್ನು ಬ್ರಷ್ ಮುಟ್ಟಿ ನೋಡಿ ತಿಳಿದುಕೊಳ್ಳುವ ಆಸಾಮಿ ನಾನು. ಒದ್ದೆಯಿದ್ದರೆ ಉಜ್ಜಿದ್ದೇನೆ, ಅದು ತಮ್ಮನ ಬ್ರಷ್ ಆಗಿರದಿದ್ದರೆ. ಇಂಥ ನನ್ನನ್ನು ನಂಬಿ ಕೆಟ್ಟವರು ನನ್ನ ಸೋದರಮಾವ.

ಅವರಿಗೂ ಅದೇ ಜ್ವರ ಬಂದುಹೋಗಿ, ಅದೇ ಮರೆವು ಉಳಿದಿತ್ತು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವರು ಕಟಿಂಗ್ ಮಾಸ್ಟರ್; ಅವರು ಕತ್ತರಿಸಿದ್ದನ್ನು ಕಟ್ಟು ಕಟ್ಟುವವನು ನಾನು. ತಲೆಯೊಳಗೆ ಹತ್ತಿ ತುರುಕಿದಂತಿದೆ ಎಂದು ಮಾವ ಡಾಕ್ಟರ ಬಳಿ ಹೋದರೆ, ಎಲ್ಲ ಸರಿಯಿದೆ ಎಂದು ರಿಪೋರ್ಟ್ ಬಂತು. ಅಷ್ಟರಲ್ಲಿ ಒಂದು ರಾಶಿ ಕಾಲರ್ ಗಿಡ್ಡವಾಗಿ ಹಾಳಾಗಿತ್ತು.

"ರಿಪೋರ್ಟ್ ನೆಟ್ಟಗಿದೆ, ನೀವೇ ಸೊಟ್ಟಗಿದ್ದೀರಿ," ಎಂದ ಮಾಲೀಕ. "ಇದು ರೋಗ ಅಲ್ಲ ಮಾಸ್ಟರೇ, ಮೈಗಳ್ಳತನ. ಇನ್ನೊಂದು ಸಲ ಬಟ್ಟೆ ಕೆಡಿಸಿದ್ರೆ ಕಟಿಂಗ್ ಟೇಬಲ್ ಬಿಟ್ಟುಬಿಡಿ."

ಹೊಲಿಗೆಯವರಿಗೆ ಹಬ್ಬ. "ಮಾಸ್ಟರೇ, ಮನೆ ದಾರಿ ನೆನಪಿದೆಯಾ, ನಾವೇ ಬಿಟ್ಟುಬರೋಣ್ವಾ?"

ತೋಳು ಕತ್ತರಿಸುವ ಕ್ರಮ ಹೀಗೆ: ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ರಟ್ಟಿನ ಅಚ್ಚಿಟ್ಟು ಮೊದಲು ಎಡತೋಳು, ಆಮೇಲೆ ಅಚ್ಚನ್ನು ಮಗುಚಿ ಬಲತೋಳು. ಮಾವ ನನ್ನ ಕಿವಿಯಲ್ಲಿ ಹೇಳಿದರು, "ಮಗುಚೋದೊಂದು ನೆನಪು ಮಾಡೋ. ಉಳಿದಿದ್ದು ಕೈಗೇ ಗೊತ್ತು."

ಎಡತೋಳು ಮುಗಿಯಿತು. ಮಾವ ಅಚ್ಚನ್ನು ಮಗುಚಿಟ್ಟರು. ಏದುಸಿರು ಬಂದು ಸ್ಟೂಲಿನ ಮೇಲೆ ಕುಸಿದರು. ನಾನು ಕಣ್ಣಾರೆ ನೋಡಿದ್ದೆ. ಅವರು ಸುಧಾರಿಸಿಕೊಂಡು ಏಳುವಷ್ಟರಲ್ಲಿ ನೋಡಿದ್ದೆಲ್ಲ ತಲೆಯಿಂದ ಜಾರಿಹೋಗಿತ್ತು.

"ಮಾವ, ಮಗುಚಿದ್ರಾ?" ಎಂದೆ, ಮಹಾ ಜವಾಬ್ದಾರಿಯವನಂತೆ.

ಅವರು ಅಚ್ಚು ನೋಡಿದರು, ನನ್ನ ಮುಖ ನೋಡಿದರು. "ಇಲ್ವೇನೋ?"

"ಇಲ್ಲ ಮಾವ."

ಇನ್ನೊಮ್ಮೆ ಮಗುಚಿದರು. ಕತ್ತರಿಸಿದರು.

ಹೊಲಿಗೆಯಾಕೆ ಜೋಡಿ ತೋಳು ಎತ್ತಿ ಹಿಡಿದಾಗ ಎರಡೂ ಒಂದೇ ಕಡೆ ಬಾಗಿದ್ದವು. ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ನಾನೂ ನಕ್ಕೆ, ಎರಡು ಎಡತೋಳು ನಿಜಕ್ಕೂ ತಮಾಷೆಯಾಗಿ ಕಾಣುತ್ತವೆ. ನಂತರವಷ್ಟೇ, ನಾನು ಕೇಳುವ ಮೊದಲೇ ಮಾವ ಒಮ್ಮೆ ಮಗುಚಿದ್ದರು ಎಂಬುದು ನೆನಪಾಯಿತು.

"ಮಗುಚಿ ಅಂತ ಒಬ್ಬರಾದ್ರೂ ಹೇಳಲಿಲ್ವಾ?" ಮಾಲೀಕ ಗುಡುಗಿದ.

"ಹೇಳಿದ ಸಾರ್. ನನ್ನ ಅಳಿಯ ಹೇಳಿದ," ಎಂದರು ಮಾವ. ನನ್ನನ್ನು ಉಳಿಸಲು ಹೇಳಿದರೋ, ಅವರಿಗೆ ಅಷ್ಟೇ ನೆನಪಿತ್ತೋ.

"ನೋಡಿ, ತಲೆ ಅಂದ್ರೆ ಇದು!" ಮಾಲೀಕ ನನ್ನ ಬೆನ್ನು ತಟ್ಟಿ ಟೇಬಲನ್ನು ನನಗೇ ಒಪ್ಪಿಸಿದ. ನಾನು ಬೇಡ ಎನ್ನಲಿಲ್ಲ.

ಈಗ ಮಾವ ಬಾಗಿಲ ಪಕ್ಕ ಕೂತು, ಹೊಲಿದ ಅಂಗಿಗಳ ದಾರದ ತುದಿ ಕತ್ತರಿಸುತ್ತಾರೆ. ನಾನು ಅಚ್ಚು ಕೈಯಲ್ಲಿ ಹಿಡಿದು, ಮಗುಚಿದೆನೋ ಇಲ್ಲವೋ ತಿಳಿಯದೆ ಅವರ ಕಡೆ ನೋಡುತ್ತೇನೆ. ಅವರೂ ನೋಡುತ್ತಾರೆ. ನೋಡಿ, ಮುಂದಿನ ಅಂಗಿಯ ದಾರ ಕತ್ತರಿಸುತ್ತಾರೆ.