ಹಗೇವು ತುಂಬಿಸಿದ ನೆನಪು

ಅಕ್ಕ ನರಗುಂದದಲ್ಲಿ ಮನೆ ಕೊಳ್ಳುವಾಗ ಯಾವ ತಪಾಸಣೆ ಸಾಕು, ಯಾವುದು ಬೇಡ ಎಂದು ತೀರ್ಮಾನಿಸಿದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹೇಳುತ್ತ ಹೋದರೆ ನನಗೆ ಅನುಕೂಲವಾಗುವಂತೆ ಮಾತು ಬದಲಾಗುತ್ತದೆ.

ಅಕ್ಕ ರೋಣದ ಸುತ್ತಲಿನ ಶಾಲೆಗಳಲ್ಲಿ ಪಾಠ ಹೇಳುತ್ತ ಬಾಡಿಗೆ ಮನೆಗಳಲ್ಲೇ ಇದ್ದವಳು. ನಿವೃತ್ತಿಯ ನಂತರ ಸ್ವಂತದ್ದೊಂದು ಬೇಕೆಂದಳು. ಸಿಕ್ಕಿದ್ದು ನಾವು ಚಿಕ್ಕವರಿದ್ದಾಗ ಇದ್ದ ಓಣಿಯ, ಮಣ್ಣಿನ ಮಾಳಿಗೆಯ ಹಳೆಯ ಮನೆ. ಅದರ ಪಡಸಾಲೆಯ ಅಡಿಯಲ್ಲಿ ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವು ಇತ್ತು, ಎರಡಾಳು ಆಳದ ಗುಂಡಿ.

ಪರಿಚಯದ ಇಂಜಿನಿಯರರನ್ನು ಕರೆದೊಯ್ದೆವು. ಅವರು ಸ್ಪಷ್ಟವಾಗಿಯೇ ಹೇಳಿದರು: “ಸರ್ವೇದವ್ರು ಬಂದು ಹದ್ದು ಅಳದು ಕೊಡ್ತಾರ್ರಿ. ನಿಮ್ಮ ಜಾಗಾ ಎಲ್ಲಿಗೆ ಮುಗೀತು ಅನ್ನೂದಷ್ಟ ಅದರಾಗ ತಿಳೀತೈತಿ. ನೆಲದ ಕೆಳಗ ಏನೈತಿ ನೋಡಬೇಕಂದ್ರ ಹಾಸಿದ ಫರಸಿ ಕಲ್ಲ ಎಬ್ಬಿಸಬೇಕು.”

“ಮಾರಾವರು ಬಿಡ್ತಾರೇನ್ರಿ?” ಎಂದಳು ಅಕ್ಕ.

“ಕೇಳಬೇಕ್ರಿ ಅಕ್ಕಾರ. ಮನಿ ನಿಮ್ದಾದ ಮ್ಯಾಲೆ ಯಾರನ್ನ ಕೇಳ್ತೀರಿ?”

ಪಕ್ಕದವರ ಗೋಡೆ ಈಚೆ ಸರಿದಂತೆ ಕಾಣುತ್ತಿತ್ತು. ನನ್ನ ತಲೆಯಲ್ಲಿ ಅದೊಂದೇ ಇತ್ತು. “ಹದ್ದು ಅಳೆಸಿದ್ರ ಸಾಕು,” ಎಂದೆ. “ಹಗೇವು ತುಂಬಿಸಿದ್ದು ಸಣ್ಣಾಂವ ಇದ್ದಾಗ ನಾನ ನೋಡೀನಿ. ಚಕ್ಕಡಿಗಟ್ಲೆ ಮಣ್ಣು ತಂದಿದ್ರು.”

“ಎರಡು ಡಿಗ್ರಿ ಮಾಡ್ಯಾನ್ರಿ ನಮ್ಮ ತಮ್ಮ,” ಅಕ್ಕ ನಕ್ಕಳು. “ಹಗೇವಿನ ಶಾಸ್ತ್ರಾನೂ ಓದಿರಬೇಕು.” ನಕ್ಕರೂ ನನ್ನ ಮಾತನ್ನೇ ನಂಬಿದಳು.

ಅಳತೆ ಸರಿಯಾಗಿ ಬಂತು. ಗೋಡೆ ಒಂದು ಗೇಣೂ ಸರಿದಿರಲಿಲ್ಲ.

ಮನೆ ಕೊಂಡ ಮೇಲಿನ ಎರಡನೆಯ ಮಳೆಗಾಲದ ಒಂದು ಬೆಳಿಗ್ಗೆ, ಅಕ್ಕ ರೊಟ್ಟಿ ಬಡಿಯಲು ಎದ್ದುಹೋದ ಮೇಲೆ, ಪಡಸಾಲೆಯ ನೆಲ ಅವಳ ಮಂಚದ ಸಮೇತ ಕುಸಿಯಿತು. ನಾನು ಗಜೇಂದ್ರಗಡದಿಂದ ಬಂದು ಮುಟ್ಟಿದಾಗ ಹಿಟ್ಟು ಒಣಗಿದ ಕೈಯಲ್ಲೇ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಎದುರು ಮನೆಯ ಅಜ್ಜಿ. ನಾನು ಮತ್ತೆ ಮಣ್ಣಿನ ಚಕ್ಕಡಿಗಳ ಮಾತು ತೆಗೆದೆ.

“ಅದು ಮಾಳಿಗಿ ಮ್ಯಾಲೆ ಹಾಕಾಕ ತಂದ ಮಣ್ಣೋ ತಮ್ಮಾ,” ಎಂದರು ಅಜ್ಜಿ. “ಮಳಿ ಹಿಡಿಯೂಕಿಂತ ಮೊದ್ಲ ತರ್ತಿದ್ರಲ್ಲ, ಸೋರಬಾರ್ದಂತ. ಹಗೇವಿನ ಬಾಯಿಗೆ ಬರೇ ಕಲ್ಲ ಮುಚ್ಚಿ ಫರಸಿ ಹಾಸಿದ್ರು.”

“ಮತ್ತ ಆವಾಗ ಹೇಳಬಾರದೇನ ಆಯಿ?” ಎಂದೆ.

“ನನ್ನ ಯಾರು ಕೇಳಿದ್ರು? ಟೇಪ್ ಹಿಡ್ಕೊಂಡು ಗ್ವಾಡಿ ಗ್ವಾಡಿ ತಿರಗ್ಯಾಡಿದ್ರಿ.”

ಚಕ್ಕಡಿಗಳನ್ನು ನೋಡಿದ್ದು ಖಂಡಿತ. ಮಣ್ಣು ಬಾಗಿಲೊಳಗೆ ಹೋದದ್ದನ್ನು ನೋಡಿದ್ದೆನೇ? ಈಗ ಏಣಿಯೂ ನೆನಪಾಗುತ್ತದೆ, ಬುಟ್ಟಿ ಹೊತ್ತು ಹತ್ತುವ ಕಾಲುಗಳೂ. ಅವು ಮೊದಲಿನಿಂದ ಇದ್ದವೋ, ಅಜ್ಜಿಯ ಮಾತು ಕೇಳಿದ ಮೇಲೆ ಬಂದವೋ ಹೇಳಲಾರೆ. ಇಂಥ ನೆನಪಿನ ಮೇಲೆ ಅಕ್ಕನ ಮಂಚ ಹಾಕಿಸಿದ್ದೆ.

ಹಗೇವು ತುಂಬಿಸುವ ದಿನ ಅಕ್ಕ ನನ್ನನ್ನು ಅಂಚಿನಲ್ಲಿ ನಿಲ್ಲಿಸಿದಳು. “ಈ ಸಲ ಬಾಯಿತನಕ ನೋಡು,” ಎಂದಳು. ಮಣ್ಣು ಬಾಯಿಯವರೆಗೆ ಬಂದದ್ದನ್ನು, ನೀರು ಹೊಯ್ದು ಬಡಿದದ್ದನ್ನು, ಫರಸಿ ಕೂಡಿಸಿದ್ದನ್ನು ನೋಡಿದೆ. ಅಂದೇ ಬರೆದೂ ಇಟ್ಟೆ.

ಪಡಸಾಲೆಯ ನೆಲ ಈಗ ಗಟ್ಟಿ. ಮೊನ್ನೆ ಅಕ್ಕ ಅಡುಗೆಮನೆಯಿಂದ ನನಗೆ ಚಹಾ ತಂದಳು, ನಡುವೆ ಹಾಯದೆ, ಗೋಡೆ ಹಿಡಿದು, ಸುತ್ತಿ.