ಬೀಗರಿಗೆ ಊರು ತೋರಿಸಿದ ದಿನ

ನನ್ನ ಮದುವೆಯ ಮಾತುಕತೆಗೆ ಕಲಬುರಗಿಯಿಂದ ಬೀಗರು ಬರುತ್ತಾರೆ ಎಂದು ಗೊತ್ತಾದಾಗ ಅಪ್ಪನಿಗೆ ಹಿಡಿದ ಚಿಂತೆ ಊಟದ್ದಲ್ಲ, ಹಾಸಿಗೆಯದ್ದೂ ಅಲ್ಲ. ಮಾತಿನದು.

"ಎರಡು ದಿನ ಎದುರುಬದುರು ಕೂತ್ಕಂಡು ಏನವ್ವ ಮಾತಾಡೋದು?" ಎಂದು ಫೋನಿನಲ್ಲಿ ನನ್ನನ್ನೇ ಕೇಳಿದರು.

ಅಪ್ಪ ಲೈನ್‌ಮನ್ ಆಗಿದ್ದವರು. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕುಗಳ ಹೊಲಗದ್ದೆಗಳಲ್ಲಿ ಕಂಬ ಹತ್ತಿ ಇಳಿದು ನಿವೃತ್ತರಾದವರು. ಕಂಬದ ಮೇಲೆ ನಿಂತರೆ ಕೆಳಗಿದ್ದವರ ಜೊತೆ ಎಷ್ಟು ಬೇಕಾದರೂ ಹರಟುತ್ತಿದ್ದರಂತೆ. ಆದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂರಿಸಿದರೆ ಬಾಯಿ ಕಟ್ಟಿಹೋಗುತ್ತಿತ್ತು.

ನಾನು ಆಗ ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ನಾನು ಮದುವೆಯಾಗಬೇಕೆಂದಿದ್ದವರು ಅಲ್ಲೇ ನರ್ಸ್. ಅವರಿಗೆ ಡ್ಯೂಟಿ ಬಿಡಿಸಿಕೊಳ್ಳಲು ಆಗಲಿಲ್ಲ. ಹಾಗಾಗಿ ಅವರ ಅಪ್ಪ ಅಮ್ಮನನ್ನು ಮೈಸೂರಿನ ರೈಲು ನಿಲ್ದಾಣದಲ್ಲಿ ಎದುರುಗೊಂಡು, ಸ್ನೇಹಿತೆಯ ಕಾರಿನಲ್ಲಿ ಕವಲಂದೆ ಹತ್ತಿರದ ನಮ್ಮ ಊರಿಗೆ ಕರೆತಂದವಳು ನಾನೇ. ಈಗ ಅವರು ನನ್ನ ಅತ್ತೆ ಮಾವ. ಇಲ್ಲೂ ಹಾಗೆಯೇ ಕರೆಯುತ್ತೇನೆ. ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅತ್ತೆ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಹೋಟೆಲುಗಳಿಗೆ ಕೊಡುತ್ತಿದ್ದರು, ಈಗಲೂ ಕೊಡುತ್ತಾರೆ.

ಮೊದಲ ಸಂಜೆ ಅಪ್ಪ ಹೆದರಿದಂತೆಯೇ ಆಯಿತು. ಬೀಗರಿಗೆ ಮರ್ಯಾದೆ ಎಂದು ಅಮ್ಮ ಟಿವಿಯನ್ನೂ ಆರಿಸಿಬಿಟ್ಟಿದ್ದರು. ಬುದ್ಧನ ಪಟದ ಕೆಳಗೆ ನಾಲ್ವರೂ ಕುರ್ಚಿ ಹಾಕಿಕೊಂಡು ಕೂತರು.

"ಮಳೆ ಎಂಗೆ ನಿಮ್ ಕಡೆ?" ಎಂದರು ಅಪ್ಪ.

"ಇಲ್ರಿ," ಎಂದರು ಮಾವ. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮ ಕಡಿ?"

"ಪರ್ವಾಗಿಲ್ಲ."

ಅಲ್ಲಿಗೆ ಮುಗಿಯಿತು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವ ಸದ್ದೂ ಕೇಳುವಷ್ಟು ಮೌನ. ಮಾತಾಡಬೇಕಾದ ವಿಷಯ ಒಂದಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಮದುವೆ ಎಲ್ಲಿ? ಎರಡೂ ಮನೆಯವರು ಬುದ್ಧವಂದನೆ ಮಾಡುವವರೇ ಆದ್ದರಿಂದ ಮುಹೂರ್ತ, ಶಾಸ್ತ್ರ ಇವುಗಳ ತೊಡಕಿರಲಿಲ್ಲ. ತೊಡಕಿದ್ದದ್ದು ದೂರದ್ದು. ರಾಜ್ಯದ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾವು. ಮಗಳ ಮದುವೆ ನಮ್ಮ ಊರಲ್ಲೇ ಆಗಬೇಕೆಂದು ಅಪ್ಪನಿಗೆ ಆಸೆ, ಮಗನ ಮದುವೆ ತಮ್ಮ ಓಣಿಯಲ್ಲೇ ಆಗಬೇಕೆಂದು ಮಾವನಿಗೆ ಆಸೆ. ಇಬ್ಬರೂ ಒಳ್ಳೆಯವರು, ಇನ್ನೊಬ್ಬರಿಗೆ ಬೇಸರವಾಗಬಾರದೆಂದು ಇಬ್ಬರೂ ಬಾಯಿ ಬಿಡಲಿಲ್ಲ.

ಅಪ್ಪ ನೀರು ಕುಡಿಯುವ ನೆಪದಲ್ಲಿ ಎದ್ದು ಅಡಿಗೆಮನೆಗೆ ಬಂದರು. "ನಾಳೆ ಊರು ತೋರ್ಸನ ಕಣವ್ವ. ನಂಜನಗೂಡು, ನರಸೀಪುರ, ಸೋಮನಾಥಪುರ, ಎಲ್ಲಾನೂವೆ. ಕಾರಲ್ಲಿ ಓಯ್ತಾ ಇದ್ರೆ ಮಾತಾಡ್ಲೇಬೇಕು ಅಂತೇನಿಲ್ಲವಲ್ಲ," ಎಂದು ಪಿಸುಗುಟ್ಟಿದರು.

ಹಾಗೆ ಮಾರನೆಯ ದಿನ ಬೆಳಿಗ್ಗೆ ಐವರೂ ಹೊರಟೆವು. ಕಾರು ಓಡಿಸುವವಳು ನಾನು. ಪಕ್ಕದಲ್ಲಿ ಮಾವ. ಹಿಂದೆ ಅಮ್ಮ, ಅತ್ತೆ, ಅವರಿಬ್ಬರ ಜೊತೆ ಕಿಟಕಿಗೆ ಒತ್ತಿಕೊಂಡು ಅಪ್ಪ. ಊರು ದಾಟುತ್ತಿದ್ದಂತೆ ಅಪ್ಪನ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಕುರ್ಚಿಯಿಂದ ಎದ್ದಿದ್ದೇ ಸಾಕಾಗಿತ್ತೋ ಏನೋ. ಆದರೆ ಅವರು ತೋರಿಸುತ್ತಿದ್ದದ್ದು ಗುಡಿಗೋಪುರಗಳನ್ನಲ್ಲ, ಕಂಬಗಳನ್ನು.

"ಅಗೋ ನೋಡಿ ಬೀಗ್ರೇ, ಆ ಲೈನು ನಾನೇ ಎಳ್ದದ್ದು. ಕೆಸ್ರಲ್ಲಿ ಮಂಡಿಗಂಟ ಊತ್ಕಂಡು ಎಳ್ದೊ. ಆ ತೆಂಗಿನ ಮರದ ಪಕ್ಕದ ಟ್ರಾನ್ಸ್‌ಫಾರ್ಮರ್ ಅದೆಯಲ್ಲ, ಅದ್ಕೆ ಪ್ರತಿ ಮಳೆಗೂ ಒಂದು ರೋಗ."

ಮಾವ ಪ್ರತಿ ಕಂಬಕ್ಕೂ "ಹೌದ್ರಿ" ಎನ್ನುತ್ತ ತಿರುಗಿ ತಿರುಗಿ ನೋಡುತ್ತಿದ್ದರು. ಅಮ್ಮನಿಗೆ ಮುಜುಗರ. "ಕಂಬ ಇಲ್ದ ಊರು ಯಾವದದ? ಸುಮ್ನಿರಿ," ಎಂದು ಅಪ್ಪನನ್ನು ತಿವಿದರು.

ನಂಜನಗೂಡಿನಲ್ಲಿ ಮೊದಲು ಹಳೆಯ ಸೇತುವೆಗೆ ಹೋದೆವು. ಕಪಿಲೆಯ ಮೇಲೆ ಕಲ್ಲಿನ ಕಮಾನುಗಳ ಮೇಲೆ ನಿಂತಿರುವ ಆ ಸೇತುವೆಯ ಮೇಲೆ ಹಿಂದೆ ರಸ್ತೆಯೂ ಇತ್ತು, ರೈಲು ಹಳಿಯೂ ಇತ್ತು. ಈಗ ಪಕ್ಕದಲ್ಲಿ ಹೊಸ ಸೇತುವೆಗಳಾಗಿ, ಇದು ನೋಡುವವರಿಗೆ ಮಾತ್ರ ಉಳಿದಿದೆ. ರೈಲು, ಬಸ್ಸು ಎರಡೂ ಇದರ ಮೇಲೇ ಹೋಗುತ್ತಿದ್ದವು ಎಂದು ಅಪ್ಪ ಹೇಳಿದ್ದೇ ತಡ, ಮಾವನೊಳಗಿದ್ದ ಕಂಡಕ್ಟರ್ ಎದ್ದು ನಿಂತ.

"ಒಂದ ಸೇತುವಿ ಮ್ಯಾಲ ಎರಡೂ? ಎದುರಾಎದುರು ಬಂದ್ರ ಹ್ಯಾಂಗ್ರಿ?"

"ರೈಲು ಬರೋ ಒತ್ಗೆ ಬಸ್ಸು ನಿಲ್ಸ್‌ಬುಡೋರು. ರೈಲು ಓದ್ಮೇಲೆ ಬುಡೋರು."

"ಮತ್ತ ಬಸ್ಸಿನ ಟೈಮು?"

"ಟೈಮ್ ಯಾರ್ ಕೇಳೋರು ಆಗ."

"ಕೇಳ್ತಾರ್ರಿ. ಡಿಪೋದಾಗ ಕೇಳ್ತಾರ. ಲೇಟ್ ಆದ್ರ ಬೈಸ್ಕೊಳ್ಳಾವ ಕಂಡಕ್ಟರ್." ಮಾವ ನಿಜಕ್ಕೂ ಕನಿಕರಪಟ್ಟರು. ಯಾವ ಕಾಲದ ಯಾವ ಕಂಡಕ್ಟರನೋ, ಅವನ ಪರವಾಗಿ. ಆಮೇಲೆ ಇಬ್ಬರೂ ಕಮಾನುಗಳ ಬುಡ ಕಾಣುವವರೆಗೆ ಇಳಿದು, ಕಲ್ಲಿನ ಮೇಲೆ ಕೈಯಾಡಿಸಿ, ಪ್ರವಾಹ ಬಂದಾಗ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಾವು ಮೂವರು ಹೆಂಗಸರು ಬಿಸಿಲಲ್ಲಿ ಸೆರಗು ಹೊದ್ದು ಕಾದೆವು.

ಅಲ್ಲಿಂದ ದೊಡ್ಡ ದೇವಸ್ಥಾನ. ಬೀದಿಯ ತುದಿಯಲ್ಲಿ ಗೋಪುರ ಕಂಡಾಗ ಅಪ್ಪ, "ನೀವು ನೋಡ್ಕಂಡು ಬನ್ನಿ, ನಾನು ಇಲ್ಲೇ ಎಳನೀರು ಅಂಗ್ಡಿ ತಾವ ಇರ್ತೀನಿ," ಎಂದರು.

ಅದು ನಮಗೆ ಹೊಸದಲ್ಲ. ನಮ್ಮ ತಾತ ಎತ್ತು ಕೊಳ್ಳಲು ನಂಜನಗೂಡಿಗೆ ಬಂದಾಗಲೆಲ್ಲ ಬೀದಿಯಲ್ಲೇ ನಿಂತು ಗೋಪುರ ನೋಡಿಕೊಂಡು ಮರಳುತ್ತಿದ್ದರಂತೆ. ಆ ಕಾಲದಲ್ಲಿ ನಮ್ಮವರು ಅಲ್ಲಿಗೇ ನಿಲ್ಲಬೇಕಿತ್ತು. ಆ ಕಾಲ ಹೋಯಿತು, ಆದರೆ ಅಪ್ಪ ಒಳಗೆ ಹೋಗುವ ಗೋಜಿಗೆ ಹೋಗಲಿಲ್ಲ. ಹಬ್ಬದ ದಿನಗಳಲ್ಲಿ ಆ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಳಗೆ ಎಷ್ಟೋ ವರ್ಷ ಡ್ಯೂಟಿ ಮಾಡಿದ್ದಾರೆ. ಒಳಗೆ ಕಾಲಿಟ್ಟಿರಲಿಲ್ಲ. ಯಾರ ಮೇಲೂ ಕೋಪ ಮಾಡಿಕೊಂಡು ಅಲ್ಲ. ತನಗೆ ಸಂಬಂಧವಿಲ್ಲ ಎನ್ನುವ ಹಾಗೆ ಇದ್ದುಬಿಟ್ಟಿದ್ದರು.

ಅತ್ತೆ ಕಾರಿನಿಂದ ಇಳಿದು ಸೊಂಟಕ್ಕೆ ಕೈಯಿಟ್ಟು ನಿಂತರು. "ಯಾಕ್ರಿ ಅಣ್ಣಾರ, ಬರಂಗಿಲ್ಲೇನು?"

"ನಾವು ಪೂಜೆಗೀಜೆ ಮಾಡಕಿಲ್ಲ ಕಣವ್ವ."

"ನಾವೇನ್ ಮಾಡ್ತೀವೇನ್ರಿ? ನಾ ಕೈ ಮುಗ್ಯಾಕ ಬಂದಿಲ್ಲ, ನೋಡಾಕ ಬಂದೀನಿ. ಗೋಳಗುಮ್ಮಟ ನೋಡಾಕ ಹೋದ್ರ ನಮಾಜ್ ಮಾಡ್ತೀವೇನ್ರಿ ಯಾರರ? ಇಷ್ಟ್ ದೊಡ್ಡ ಕಲ್ಲು ಹೊತ್ತವರು ನಿಮ್ಮಂಥವರು ನಮ್ಮಂಥವರ. ಹೊತ್ತವರ ಮನಿ ಮಂದಿ ನೋಡಬ್ಯಾಡೇನು?"

ಅಪ್ಪ ನಕ್ಕರು. ಎಳನೀರಿನವನಿಗೆ, "ಬಂದ್ಮೇಲೆ ಕುಡಿತೀನಿ ಕಣಪ್ಪ," ಎಂದು ಹೇಳಿ ಚಪ್ಪಲಿ ಬಿಟ್ಟು ನಮ್ಮ ಜೊತೆ ನಡೆದರು.

ಒಳಗೆ ಕಾಲಿಟ್ಟಾಗ ಕಲ್ಲು ತಣ್ಣಗಿತ್ತು. ಅಪ್ಪ ತಲೆಯೆತ್ತಿ ಕಂಬಗಳ ಸಾಲನ್ನೇ ನೋಡುತ್ತ ನಿಧಾನವಾಗಿ ನಡೆದರು. ಒಂದು ಕಂಬವನ್ನು ಅಂಗೈಯಿಂದ ಮುಟ್ಟಿದರು. "ಎಂಗೆ ನಿಲ್ಸಿದ್ರೋ ಏನೋ," ಎಂದರು. "ನಾವು ಒಂದ್ ಸಿಮೆಂಟ್ ಕಂಬ ನಿಲ್ಸಕ್ಕೆ ಊರು ಜನಾನೆಲ್ಲ ಕರಿತಿದ್ದೊ." ಅವರ ಮುಖದಲ್ಲಿ ನಾನು ಹುಡುಕುತ್ತಿದ್ದ ನೋವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಕೆಲಸ ಬಲ್ಲವನು ಇನ್ನೊಬ್ಬನ ಕೆಲಸವನ್ನು ನೋಡುವ ನೋಟ ಇತ್ತು. ಅಮ್ಮ ಅವರ ಹಿಂದೆಯೇ ಹೆಜ್ಜೆ ಹಾಕುತ್ತಿದ್ದರು.

ಪ್ರಾಕಾರದಲ್ಲಿ ಅರವತ್ತಮೂವರು ಶಿವಶರಣರ ವಿಗ್ರಹಗಳು ಸಾಲಾಗಿ ನಿಂತಿವೆ. ಅತ್ತೆಗೆ ಅವರ ಕತೆಗಳು ಅಷ್ಟಿಷ್ಟು ಗೊತ್ತಿದ್ದವು. "ಇವರೊಳಗ ಎಲ್ಲಾ ಥರದವ್ರು ಅದಾರಂತ್ರಿ. ದನ ಕಾಯಾವ, ಗಡಿಗಿ ಮಾಡಾವ, ಅರಿವಿ ಒಗ್ಯಾವ, ಮೀನ ಹಿಡ್ಯಾವ," ಎನ್ನುತ್ತ ಒಂದೊಂದು ಮುಖವನ್ನೂ ಬಗ್ಗಿ ನೋಡಿದರು.

"ಲೈನ್‌ಮನ್ ಇಲ್ವಾ?" ಎಂದರು ಅಪ್ಪ.

ಮಾವ ಗಂಭೀರವಾಗಿ, "ಕಂಡಕ್ಟರೂ ಅದಾನೇನು ನೋಡಬೇ," ಎಂದು ಹೆಂಡತಿಗೆ ಹೇಳಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕ ನಗು ಪ್ರಾಕಾರದ ತುಂಬ ಕೇಳಿಸಿತು. ಯಾರೋ ತಿರುಗಿ ನೋಡಿದರು. ಅಮ್ಮನೂ ನಕ್ಕರು. ಬೀಗರು ಬಂದ ಮೇಲೆ ಅಮ್ಮ ನಕ್ಕದ್ದು ಅದೇ ಮೊದಲು.

ನರಸೀಪುರ ತಲುಪುವಾಗ ಹೊಟ್ಟೆ ತಾಳ ಹಾಕುತ್ತಿತ್ತು. ನರಸಿಂಹಸ್ವಾಮಿ ಗುಡಿ ನೋಡಿಕೊಂಡು, ಹಿಂದಿನ ಸೋಪಾನಗಳ ಮೇಲೆ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅಮ್ಮ ಕಟ್ಟಿದ್ದ ಚಿತ್ರಾನ್ನ, ಅತ್ತೆ ಊರಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಅಪ್ಪ ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಪಾರಿವಾಳಗಳು ಹಾರಿದವು. ಎದುರಿಗೆ ಕಪಿಲೆ, ಸ್ವಲ್ಪ ಮುಂದೆ ಕಾವೇರಿ ಬಂದು ಸೇರುವ ಜಾಗ. ಆಚೆ ದಡದಲ್ಲಿ ತಿರುಮಕೂಡಲು, ಅಗಸ್ತ್ಯೇಶ್ವರ ದೇವಸ್ಥಾನ.

"ಬ್ಯಾಸಗಿನ್ಯಾಗ ಇಷ್ಟ್ ನೀರು," ಎಂದು ಅತ್ತೆ ನೋಡುತ್ತಲೇ ಕೂತರು. ಅಷ್ಟರಲ್ಲಿ ದಡಕ್ಕೊಂದು ತೆಪ್ಪ ಬಂತು. ಅತ್ತೆ ಎದ್ದರು. "ಅಕ್ಕಾರ, ಬರ್ರಿ, ಅತ್ತಾಕಡಿ ಹೋಗಿ ಬರೂಣು."

ನೀರು ಕಂಡರೆ ಅಮ್ಮನಿಗೆ ಭಯ. ನದಿಯಿಂದ ಇಷ್ಟು ಹತ್ತಿರದಲ್ಲಿ ಹುಟ್ಟಿ ಬೆಳೆದರೂ ಮಂಡಿಯ ಮೇಲೆ ನೀರು ಬರುವಷ್ಟು ಇಳಿದವರಲ್ಲ. ಬೇಡ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಬೀಗಿತ್ತಿಯ ಮುಖ ನೋಡಿದರು, ಚಿತ್ರಾನ್ನದ ಡಬ್ಬಿಯ ಮುಚ್ಚಳ ಹಾಕಿದರು, ಸೀರೆ ಎತ್ತಿಕಟ್ಟಿದರು. ಗಂಡಸರಿಬ್ಬರೂ ಬರುವುದಿಲ್ಲ ಎಂದರು. ಮಾವನಿಗೆ ತಲೆ ತಿರುಗುತ್ತದಂತೆ. ಅಪ್ಪ, ಬೀಗರಿಗೆ ಜೊತೆಯಿರಬೇಕಲ್ಲ, ಎಂದರು. ನಾನು ಕಾರಿನ ಕೀ ಹಿಡಿದು ದಡದಲ್ಲೇ ನಿಂತೆ.

ನಡುನೀರಿನಲ್ಲಿ ತೆಪ್ಪ ಒಂದು ಸುತ್ತು ತಿರುಗಿತು. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡದ್ದು ನಮಗೆ ಕಾಣುತ್ತಿತ್ತು. ಆಮೇಲೆ ಆಚೆ ದಡ ಸೇರಿದರು. ಅಷ್ಟು ಹೊತ್ತಿಗೆ ಗಾಳಿ ಎದ್ದಿತು. ನೀರಿನ ಮೇಲೆ ಅಲೆ ಎದ್ದು, ದಡದ ಪ್ಲಾಸ್ಟಿಕ್ ಕವರುಗಳೆಲ್ಲ ಹಾರಾಡಿದವು. ತೆಪ್ಪದವನು ಆ ಕಡೆಯಿಂದಲೇ ಎರಡೂ ಕೈ ಅಡ್ಡ ಆಡಿಸಿದ. ಈಗ ಬರಲಾಗುವುದಿಲ್ಲ ಎಂಬುದು ನಮಗೆ ಅರ್ಥವಾಯಿತು. ಇಬ್ಬರ ಫೋನುಗಳೂ ಇಲ್ಲೇ ಬುತ್ತಿಯ ಚೀಲದಲ್ಲಿದ್ದವು.

ಅಪ್ಪ ಗಾಬರಿಯಾದರು. "ನೀರು ಅಂದ್ರೆ ಎದ್ರುಕೋತಾಳೆ ಕಣವ್ವ. ಅಳ್ತಾ ಕೂತಿರ್ತಾಳೆ."

"ನಮ್ಮಾಕಿ ಅಳಾಕ ಬಿಡಂಗಿಲ್ರಿ," ಎಂದು ಮಾವ ಸಮಾಧಾನ ಹೇಳಿದರು, ಆದರೆ ಅವರೂ ಊಟದ ಡಬ್ಬಿಗಳನ್ನು ತಲೆಕೆಳಗಾಗಿ ಚೀಲಕ್ಕೆ ತುಂಬುತ್ತಿದ್ದರು.

ಕಾರು ತೆಗೆದು, ಪೇಟೆಯೊಳಗಿನ ಸಂತೆಯ ಜನರ ನಡುವೆ ತೆವಳಿ, ಸೇತುವೆ ದಾಟಿ, ತಿರುಮಕೂಡಲಿಗೆ ಸುತ್ತಿಕೊಂಡು ಹೋಗುವಷ್ಟರಲ್ಲಿ ಬಹಳ ಹೊತ್ತಾಯಿತು. ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿದ್ದೇ ಅಪ್ಪ ಓಡಿದರು. ಅವರ ಹಿಂದೆ ಮಾವ, ಅವರ ಹಿಂದೆ ನಾನು.

ಇಬ್ಬರೂ ಅರಳಿಮರದ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಯಾರೋ ಕೊಟ್ಟ ಸೌತೆಕಾಯಿ ತಿನ್ನುತ್ತಿದ್ದರು. ಅಮ್ಮನ ಕೂದಲು ಗಾಳಿಗೆ ಕೆದರಿತ್ತು. ಅವರು ಅತ್ತಿರಲಿಲ್ಲ.

"ಯಾಕೆ ಓಡ್ಬತ್ತಾ ಇದೀರಿ? ಕೂತ್ಕಳಿ," ಎಂದರು ಅಮ್ಮ. "ಮದ್ವೆ ಮೈಸೂರಲ್ಲಿ."

ಅಪ್ಪ ಏದುಸಿರು ಬಿಡುತ್ತ ನಿಂತರು. "ಏನು?"

"ನಿಮ್ಮೂರಾಗೂ ಬ್ಯಾಡ, ನಮ್ಮೂರಾಗೂ ಬ್ಯಾಡ," ಎಂದು ಅತ್ತೆ ಬಿಡಿಸಿ ಹೇಳಿದರು. "ಹುಡುಗ ಹುಡುಗಿ ಇರಾದು ಮೈಸೂರಾಗ. ಅಲ್ಲೇ ರಿಜಿಸ್ಟರ್ ಆಗ್ಲಿ, ಅಲ್ಲೇ ವಿಹಾರದಾಗ ವಂದನಾ ಆಗ್ಲಿ. ಎರಡೂ ಕಡಿ ಹತ್ತಿರದವರು ಅಷ್ಟ ಬರ್ಲಿ. ಆಮ್ಯಾಲ ಇಲ್ಲೊಂದು ಊಟ, ಅಲ್ಲೊಂದು ಊಟ. ಅಕ್ಕಾರೂ ಹೂಂ ಅಂದಾರ."

"ನಾವು ಅಲ್ಗೆ ಓದಾಗ ಒಂದು ವಾರ ಇರ್ಬೇಕಂತೆ," ಎಂದು ಅಮ್ಮ ಸೇರಿಸಿದರು. ಅವರ ದನಿಯಲ್ಲಿ ಒಂದು ಜಂಬ ಇತ್ತು. "ಕೊಟ್ಗೆ ಅಸೂನ ನಮ್ಮಕ್ಕನ ಮನೇಲಿ ಬುಟ್ಟು ಓಗನ."

ಅಪ್ಪ ಮಾವನ ಮುಖ ನೋಡಿದರು. ಮಾವ ಅಪ್ಪನ ಮುಖ ನೋಡಿದರು. ಇಬ್ಬರೂ ಒಟ್ಟಿಗೆ ಕಟ್ಟೆಯ ಮೇಲೆ ಕುಸಿದು ಕೂತರು. "ನನಗೂ ಅದ ಅನಿಸಿತ್ರಿ," ಎಂದರು ಮಾವ. "ನಂಗೂ ಕಣ್ರೀ," ಎಂದರು ಅಪ್ಪ. ಇಬ್ಬರೂ ಹೇಳಿದ್ದು ಸುಳ್ಳು, ಆದರೆ ಅಷ್ಟು ನೆಮ್ಮದಿಯ ಸುಳ್ಳನ್ನು ನಾನು ಮತ್ತೆ ಕೇಳಿಲ್ಲ. ಮದುವೆ ಆಗಬೇಕಾದವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆ ಉಳಿದ ಅರ್ಧ ಸೌತೆಕಾಯಿಯನ್ನು ನನ್ನ ಕೈಗಿಟ್ಟರು, ಅದೇ ಕೇಳಿದ ಹಾಗೆ ಎಂದುಕೊಂಡೆ.

ಸೋಮನಾಥಪುರ ಆವತ್ತು ನೋಡಲಾಗಲಿಲ್ಲ. ಅಗಸ್ತ್ಯೇಶ್ವರ ದೇವಸ್ಥಾನವನ್ನು ಸುತ್ತಿ, ಸಂಗಮದಲ್ಲಿ ಕಾಲು ತೊಳೆದು, ಎದ್ದಾಗ ಹೊತ್ತು ಇಳಿದಿತ್ತು. ವಾಪಸು ಬರುವಾಗ ನಾಲ್ವರೂ ಒಟ್ಟಿಗೆ ಮಾತಾಡುತ್ತಿದ್ದರು. ಹಿಂದಿನ ಬಸ್ಸಿನ ಹಾರ್ನ್ ನನಗೆ ಕೇಳಿಸದೆ, ಅದರ ಡ್ರೈವರ್ ಪಕ್ಕಕ್ಕೆ ಬಂದು ಕೈ ಬೀಸಿ ಬೈದು ಹೋದ. ಮಾವ ಕಿಟಕಿ ಇಳಿಸಿ, ಹಳೆಯ ಅಭ್ಯಾಸದಿಂದ ಅವನಿಗೆ "ರೈಟ್, ರೈಟ್" ಎಂದರು.

ಮದುವೆ ಮೈಸೂರಿನಲ್ಲೇ ಆಯಿತು. ಕಲಬುರಗಿಯ ಊಟಕ್ಕೆ ಹೋದಾಗ ಅಪ್ಪ ಅಮ್ಮ ಒಂದು ವಾರವೆಂದು ಹೋದವರು ಇನ್ನೂ ಹೆಚ್ಚು ದಿನ ನಿಂತರು. ಒಂದು ಸಂಜೆ ಮಾವ ಅಪ್ಪನನ್ನು ಅಲ್ಲಿನ ಕೋಟೆಗೆ ಕರೆದುಕೊಂಡು ಹೋದರು. ಕೋಟೆಯ ಮೇಲಿರುವ ಉದ್ದನೆಯ ಫಿರಂಗಿಯನ್ನು ಅಷ್ಟು ಎತ್ತರಕ್ಕೆ ಹೇಗೆ ಏರಿಸಿದರು ಎಂದು ಇಬ್ಬರೂ ಅಲ್ಲೇ ವಾದಕ್ಕೆ ಬಿದ್ದರಂತೆ. ಹಗ್ಗ ಕಟ್ಟಿ ಎಳೆದರು ಎಂದು ಅಪ್ಪ, ಆನೆಗಳಿಂದ ನೂಕಿಸಿದರು ಎಂದು ಮಾವ. ಜೊತೆಗೆ ಹೋಗಿದ್ದ ಅತ್ತೆ ಅಮ್ಮ ಇಬ್ಬರೂ ಕೆಳಗೆ ಕಬ್ಬಿನ ಹಾಲು ಕುಡಿದು ಮುಗಿಸಿ, ಇವರು ಇಳಿಯುವುದನ್ನು ಕಾದು ಸಾಕಾಗಿ, ಆಟೋ ಹಿಡಿದು ಮನೆಗೆ ಹೋಗಿಬಿಟ್ಟಿದ್ದರು.