ಕಂಪ್ಯೂಟರಿನಲ್ಲಿ ಪಾಸಾದ ಕ್ರೀಮು

ನನ್ನ ಕೆಲಸ ಏನೆಂದು ನಾನಿರುವ ಸಾಗರ ಪೇಟೆಯಲ್ಲಿ ಯಾರಿಗಾದರೂ ವಿವರಿಸಲು ಹೋದರೆ ಎರಡನೇ ವಾಕ್ಯಕ್ಕೇ ಅವರ ಕಣ್ಣು ಬೇರೆ ಕಡೆ ಹೊರಳುತ್ತದೆ. ಶಾಂಪೂ, ಹೇರ್ ಡೈ, ಫಿನಾಯಿಲು, ಸೊಳ್ಳೆ ಬತ್ತಿ, ಇಂಥವುಗಳಲ್ಲಿರುವ ರಾಸಾಯನಿಕ ಬಳಸುವವರ ಮೈಯೊಳಗೆ ಎಷ್ಟು ಸೇರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಉದ್ಯೋಗ. ಚರ್ಮದಿಂದ ಎಷ್ಟು, ಮೂಗಿನಿಂದ ಎಷ್ಟು, ಕೈ ತೊಳೆಯದೆ ತಿಂದರೆ ಬಾಯಿಂದ ಎಷ್ಟು. ಒಮ್ಮೆ ಇದನ್ನೆಲ್ಲ ಕೇಳಿಸಿಕೊಂಡ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು, "ಹಂಗಾರೆ ಇಲಿಗೆ ಹಾಕಿ ನೋಡ್ತೀರಾ?" ಎಂದರು. ಇಲ್ಲ, ಇಲಿಯೂ ಇಲ್ಲ, ಲ್ಯಾಬೂ ಇಲ್ಲ, ಎಲ್ಲ ಸಾಫ್ಟ್‌ವೇರು ಎಂದೆ. "ಓ, ಅಂದಾಜು!" ಎಂದು ಪೇಪರಿನೊಳಗೆ ತಲೆ ಹುದುಗಿಸಿದರು. ನನಗೆ ಸಿಟ್ಟು ಬಂತು. ಅಂದಾಜಿಗೆ ನಮ್ಮ ಕಂಪನಿಯಲ್ಲಿ ಬೇರೆ ಹೆಸರಿದೆ. ಆ ಹೆಸರು ಕೇಳಿದರೆ ದೊಡ್ಡ ದೊಡ್ಡ ಗ್ರಾಹಕರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಈ ಕೆಲಸಕ್ಕೆ ಬರುವ ಮೊದಲು ನಾನು ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ವರ್ಷಾನುಗಟ್ಟಲೆ ಅತಿಥಿಯಾಗಿಯೇ ಉಳಿದು, ಮನೆಯವಳಾಗುವ ಲಕ್ಷಣ ಕಾಣದೆ ಹೊರಬಿದ್ದೆ. ಬೆಂಗಳೂರಿನ ಸಣ್ಣ ಕಂಪನಿಯೊಂದು ಮನೆಯಿಂದಲೇ ಮಾಡುವ ಈ ಕೆಲಸ ಕೊಟ್ಟಿತು. ಲ್ಯಾಪ್‌ಟಾಪು ಕೊರಿಯರಿನಲ್ಲಿ ಬಂತು. ಅದರೊಳಗಿನ ಸಾಫ್ಟ್‌ವೇರಿನಲ್ಲಿ ಒಬ್ಬಳು ಮಾದರಿ ಬಳಕೆದಾರಳಿದ್ದಳು. ಅವಳ ತೂಕ ಏರುವುದಿಲ್ಲ, ಇಳಿಯುವುದಿಲ್ಲ. ಅವಳ ಕೋಣೆಯ ಕಿಟಕಿ ಸದಾ ತೆರೆದಿರುತ್ತದೆ, ಸೊಳ್ಳೆ ಮಾತ್ರ ಒಳಗೆ ಬರುವುದಿಲ್ಲ. ಡಬ್ಬದ ಮೇಲೆ ಬರೆದದ್ದನ್ನು ಓದಿ, ಬರೆದಷ್ಟೇ ಹಚ್ಚಿಕೊಂಡು, ಬರೆದಷ್ಟೇ ಹೊತ್ತು ಬಿಟ್ಟು ತೊಳೆದುಕೊಳ್ಳುತ್ತಾಳೆ. ಇಂಥ ಹೆಂಗಸನ್ನು ನಾನು ಸಾಗರದಲ್ಲಾಗಲಿ, ಹುಟ್ಟಿ ಬೆಳೆದ ತೀರ್ಥಹಳ್ಳಿಯಲ್ಲಾಗಲಿ ಕಂಡಿಲ್ಲ. ಆದರೆ ಅವಳಿಗೆ ಏನೂ ಆಗದಿದ್ದರೆ ಪರದೆಯ ಮೇಲೆ ಹಸಿರು ಬಣ್ಣ ಬರುತ್ತದೆ. ಹಸಿರು ಬಂದರೆ ನಮಗೆಲ್ಲ ಏನೂ ಆಗುವುದಿಲ್ಲ ಎಂದು ಅರ್ಥ.

ಸಿಗಂದೂರಿಗೆ ಸೇತುವೆ ಆಗುವುದಕ್ಕೆ ಮೊದಲಿನ ಬೇಸಿಗೆ. ಕೂದಲು ನೇರ ಮಾಡುವ ಕ್ರೀಮೊಂದು ನನ್ನ ಪಾಲಿಗೆ ಬಂದಿತ್ತು. ಹಚ್ಚಿ, ಒಣಗಿಸಿ, ಮೇಲೆ ಬಿಸಿ ಇಸ್ತ್ರಿ ಎಳೆಯಬೇಕು. ಬಿಸಿ ತಾಗಿದಾಗ ಅದರಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಡುತ್ತದೆ. ಅದೆಷ್ಟು, ಬಳಸುವವರಿಗೆ ತೊಂದರೆಯೇ ಎಂದು ಹೇಳುವುದು ನನ್ನ ಕೆಲಸ. ಮಾದರಿ ಹೆಂಗಸು ತನ್ನ ತೆರೆದ ಕಿಟಕಿಯ ಪಕ್ಕ ಕೂತು ಅಪರೂಪಕ್ಕೊಮ್ಮೆ ಹಚ್ಚಿಕೊಂಡಳು. ಹಸಿರು ಬಂತು. ವರದಿ ಬರೆಯುವುದಿನ್ನೂ ಬಾಕಿಯಿತ್ತು. ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ನಂಟರ ಮನೆಯ ಮದುವೆ ಬಂತು, ಹೋದೆ.

ನನ್ನ ಅಕ್ಕ ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಆ ವರ್ಷ ಹೊಸದಾಗಿ ಎಸಿ ಹಾಕಿಸಿದ್ದಳು. ಇದ್ದೊಂದು ಕಿಟಕಿಗೆ ಹಲಗೆ ಬಡಿಸಿ, ಅದರ ಮೇಲೆ ನಗುವ ಮದುಮಗಳ ದೊಡ್ಡ ಚಿತ್ರ ಅಂಟಿಸಿದ್ದಳು. ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ.

"ಬಂದ್ಯಾ? ಬಾಗ್ಲು ಹಾಕೇ ಮಾರಾಯ್ತಿ, ತಂಪೆಲ್ಲ ಹೋಗ್ತದೆ!" ಎಂದು ಅಕ್ಕ ಕೂಗಿದಳು. ಕೂಗಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು.

ನನಗೆ ಬಂದದ್ದು ಕಣ್ಣೀರು. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ, ಹಾವು ಮುಳುಗಿಸಿಟ್ಟ ಜಾಡಿಗಳ ಮುಚ್ಚಳ ತೆಗೆದರೆ ಹೊಡೆಯುತ್ತಿತ್ತಲ್ಲ, ಅದೇ ವಾಸನೆ. ಕುರ್ಚಿಯಲ್ಲೊಬ್ಬಳು ಮದುಮಗಳ ತಂಗಿ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಅಕ್ಕ ಅವಳ ಕೂದಲಿನ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು. ಒಂದೊಂದು ಎಳೆತಕ್ಕೂ ಬಿಳಿ ಹೊಗೆ ಏಳುತ್ತಿತ್ತು. ಕನ್ನಡಿಯ ಮುಂದೆ ನನ್ನದೇ ಕ್ರೀಮಿನ ಡಬ್ಬಗಳು ಸಾಲಾಗಿ ಕೂತಿದ್ದವು.

"ಎಂತದೇ ಈ ಕ್ರೀಮು?" ಎಂದೆ.

"ಅದಾ? ಭಾಳ ಚೆನ್ನಾಗಿದೆ ಕಣೇ. ಕಂಪ್ಯೂಟರಲ್ಲಿ ಚೆಕ್ ಮಾಡಿ ಪಾಸ್ ಮಾಡಿದಾರಂತೆ. ಸೇಲ್ಸಿನವ್ನು ಹೇಳ್ದ."

"ಯಾವ ಕಂಪ್ಯೂಟರು?"

"ಬೆಂಗಳೂರಲ್ಲಿ ಎಲ್ಲೋ. ದೊಡ್ಡ ವಿಜ್ಞಾನಿಗಳೆಲ್ಲ ಕೂತು ಮಾಡ್ತಾರಂತೆ."

ಆ ಕಂಪ್ಯೂಟರು ಸಾಗರದಲ್ಲಿ ನಮ್ಮ ಊಟದ ಮೇಜಿನ ಮೇಲಿತ್ತು, ಉಪ್ಪಿನಕಾಯಿ ಜಾಡಿಯ ಪಕ್ಕ. ದೊಡ್ಡ ವಿಜ್ಞಾನಿ ಮದುವೆ ಊಟಕ್ಕೆಂದು ರೇಷ್ಮೆ ಸೀರೆಯುಟ್ಟು ಬಂದು ಇಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ವರದಿಯ ಮೊದಲ ಸಾಲನ್ನೂ ನಾನು ಬರೆದಿರಲಿಲ್ಲ. ಕ್ರೀಮು ಆಗಲೇ ಪಾಸಾಗಿ, ಜಿಲ್ಲೆ ಸುತ್ತಿ, ತೀರ್ಥಹಳ್ಳಿ ತಲುಪಿತ್ತು.

ಮದುವೆ ಮನೆಯಲ್ಲಿ ಅಕ್ಕನನ್ನು ಮೂಲೆಗೆ ಕರೆದು ಕೆಮ್ಮಿನ ವಿಷಯ ಕೇಳಿದೆ. ಎಸಿ ಹಾಕಿಸಿದ ಮೇಲೆ ಶುರುವಾದದ್ದು, ನಿಂತೇ ಇಲ್ಲ ಎಂದಳು. ಡಾಕ್ಟರಿಗೆ ತೋರಿಸಿದ್ದಳು. ಅವರು ಧೂಳಿನ ಅಲರ್ಜಿ ಎಂದು ಸಿರಪ್ಪು ಬರೆದು, ರಸ್ತೆಯ ಕಡೆ ಓಡಾಡುವುದು ಬಿಟ್ಟು ಆದಷ್ಟೂ ಪಾರ್ಲರಿನ ಒಳಗೇ ಇರಲು ಹೇಳಿದ್ದರಂತೆ. ಅಕ್ಕ ವೈದ್ಯರ ಮಾತು ಮೀರುವವಳಲ್ಲ.

"ಆ ಕ್ರೀಮು ಬಿಡು," ಎಂದೆ.

"ಸೀಸನ್ನಲ್ಲಿ ಬಿಡು ಅಂದ್ರೆ? ಎದುರುಗಡೆ ಪಾರ್ಲರ್‌ಗೆ ಹೋಗ್ತಾರೆ ಅಷ್ಟೆ. ನಿಂದೇನು ಮಾರಾಯ್ತಿ, ಮನೇಲಿ ಕೂತು ಬಟನ್ ಒತ್ತೋ ಕೆಲ್ಸ."

ಸಾಗರಕ್ಕೆ ವಾಪಸಾದ ಮೇಲೆ ಬಟನ್ ಒತ್ತುವ ಕೆಲಸಕ್ಕೇ ಕೂತೆ. ಮಾದರಿ ಹೆಂಗಸನ್ನು ಎಬ್ಬಿಸಿ ಅವಳ ಜಾಗದಲ್ಲಿ ಅಕ್ಕನನ್ನು ನಿಲ್ಲಿಸಿದೆ. ಸಣ್ಣ ಕೋಣೆ, ಮುಚ್ಚಿದ ಕಿಟಕಿ, ಒಬ್ಬರಾದ ಮೇಲೆ ಒಬ್ಬರು ಗಿರಾಕಿಗಳು. ಸಾಫ್ಟ್‌ವೇರು ಅದನ್ನು ಒಪ್ಪಲಿಲ್ಲ. ಕೋಣೆಗೆ ಗಾಳಿ ಬಂದುಹೋಗುವ ಪ್ರಮಾಣ ತೀರಾ ಕಡಿಮೆಯಾಯಿತು, ಇದು ವಾಸ್ತವಕ್ಕೆ ಹತ್ತಿರವಾಗಿಲ್ಲ ಎಂದು ಕೆಂಪಕ್ಷರದಲ್ಲಿ ಬುದ್ಧಿ ಹೇಳಿತು. ವಾಸ್ತವ ತೀರ್ಥಹಳ್ಳಿಯಲ್ಲಿ ಎಸಿ ಹಾಕಿಕೊಂಡು ಕೆಮ್ಮುತ್ತಿತ್ತು. ಸಾಫ್ಟ್‌ವೇರು ಒಪ್ಪುವ ಅತಿ ಕಡಿಮೆ ಗಾಳಿಯನ್ನೇ ಕೊಟ್ಟು ಲೆಕ್ಕ ಮಾಡಿಸಿದೆ. ಪರದೆ ಕೆಂಪಾಯಿತು.

ಬೆಂಗಳೂರಿನಲ್ಲಿರುವ ನಮ್ಮ ಮ್ಯಾನೇಜರಿಗೆ ಫೋನು ಮಾಡಿ ಅಕ್ಕನ ಪಾರ್ಲರು, ಅವಳ ಕೆಮ್ಮು ಎಲ್ಲ ಹೇಳಿದೆ. ಅವರು ನನಗಿಂತ ಚಿಕ್ಕವರು, ವಿದೇಶದಲ್ಲಿ ಓದಿದವರು, ಗುಂಗುರು ಕೂದಲಿನ ಸುಂದರಾಂಗ.

"ಮೇಡಂ, ಅದು ನಿರೀಕ್ಷಿತ ಬಳಕೆಯಲ್ಲ," ಎಂದರು.

"ಸರ್, ನಮ್ಮೂರಲ್ಲಿ ಎಲ್ಲರೂ ಹೀಗೇ ಬಳಸೋದು. ಮನೇಲಿ ಯಾರೂ ಹಚ್ಕೊಳಲ್ಲ, ಪಾರ್ಲರ್‌ಗೇ ಬರ್ತಾರೆ."

"ಹಾಗಾದರೆ ನಿಮ್ಮ ಅಕ್ಕ ಬಳಕೆದಾರರಲ್ಲ, ಕೆಲಸಗಾರರು. ಕೆಲಸಗಾರರಿಗೆ ಬೇರೆ ಸಾಫ್ಟ್‌ವೇರಿದೆ. ಅದರ ಲೈಸೆನ್ಸ್ ನಾವು ತಗೊಂಡಿಲ್ಲ."

"ಕೆಮ್ಮಿಗೂ ಲೈಸೆನ್ಸ್ ಬೇಕಾ ಸರ್?"

ಕೊನೆಗೆ, ತಾವೇ ಬಂದು ಸ್ಥಳದಲ್ಲಿ ಅಳತೆ ಮಾಡುವುದಾಗಿ ಹೇಳಿದರು. ಜೊತೆಗೇ, ಜೋಗ, ಸಿಗಂದೂರು ಹತ್ತಿರವೇ ಅಲ್ಲವೇ ಎಂದೂ ವಿಚಾರಿಸಿದರು.

ಬೆಳಗಿನ ರೈಲಿಗೆ ಸಾಗರದಲ್ಲಿ ಇಳಿದರು. ಅವರಿಗಿಂತ ಮೊದಲು ಅವರ ಪರಿಮಳ ಇಳಿಯಿತು. ಕೊರಳಿಗೆ ಗಾಳಿಯಲ್ಲಿರುವ ರಾಸಾಯನಿಕ ಆವಿಯನ್ನು ಅಳೆಯುವ ಮೀಟರು ಕಟ್ಟಿಕೊಂಡಿದ್ದರು. ಮಿತಿ ಮೀರಿದರೆ ಅದು ಕೀ ಕೀ ಎನ್ನುತ್ತದೆ. ಪ್ಲಾಟ್‌ಫಾರಂ ಮೇಲೆಯೇ ಕೀ ಕೀ ಎನ್ನುತ್ತಿತ್ತು. "ರೈಲಿನ ಹೊಗೆ," ಎಂದರು. ಮೊದಲು ಸಿಗಂದೂರು ದೇವಿಯ ದರ್ಶನ ಆಗಲಿ ಎಂದು, ಲಾಂಚು ಹತ್ತುವ ಹೊಳೆಬಾಗಿಲಿಗೆ ಹೋದೆವು. ಲಾಂಚಿನ ಮೇಲೆ, ಸುತ್ತ ಲಿಂಗನಮಕ್ಕಿಯ ಹಿನ್ನೀರು, ಬೀಸುವ ಗಾಳಿ, ಆದರೂ ಕೀ ಕೀ. "ಲಾಂಚಿನ ಡೀಸೆಲ್ಲು," ಎಂದರು. ಮಧ್ಯಾಹ್ನ ಹೊಸನಗರದ ಹೋಟೆಲಿನಲ್ಲಿ ಕೂತಾಗ ಮತ್ತೆ ಕೀ ಕೀ. "ವಡೆ ಕರಿಯುವ ಎಣ್ಣೆ," ಎಂದರು. ಇಡೀ ಮಲೆನಾಡಿನ ಗಾಳಿ ಇಷ್ಟು ಕೆಟ್ಟಿರುವಾಗ ಒಂದು ಕ್ರೀಮನ್ನು ದೂರುವುದು ಅನ್ಯಾಯ ಎಂಬ ಕಡೆಗೆ ಅವರ ವಿಚಾರ ಹೊರಳುತ್ತಿತ್ತು.

ಕೈ ತೊಳೆಯಲು ಹೋಗುವಾಗ ಮೀಟರನ್ನು ಮೇಜಿನ ಮೇಲೆ ಬಿಟ್ಟು ಹೋದರು. ಅದು ತೆಪ್ಪಗಾಯಿತು. ಒಲೆಯ ಮೇಲೆ ವಡೆ ಹಾಗೇ ಬೇಯುತ್ತಿತ್ತು. ಅವರು ಬಂದು ಕೂತರು, ಕೀ ಕೀ.

"ಸರ್, ಬಾಡಿ ಸ್ಪ್ರೇ ಹಾಕಿದೀರಾ?"

"ಸ್ವಲ್ಪ."

ಜನ ಹೇಳುವ ಸ್ವಲ್ಪವನ್ನು ನಂಬಬೇಡಿ ಎಂದು ನನಗೆ ತರಬೇತಿಯಲ್ಲಿ ಕಲಿಸಿದ್ದೇ ಅವರು. ಉಳಿದದ್ದನ್ನು ಮೀಟರೇ ಹೇಳುತ್ತಿತ್ತು. ತೀರ್ಥಹಳ್ಳಿಯಲ್ಲಿ ಅಕ್ಕನ ಮನೆ ಮುಟ್ಟಿದ ಕೂಡಲೇ ಅವರಿಗೆ ಬಿಸಿನೀರು ಕೊಟ್ಟು, ಭಾವನ ಒಂದು ಅಂಗಿ ಕೊಟ್ಟೆವು. ಮಿಂದು ಬಂದ ಮೇಲೆ ಮೀಟರು ಸುಮ್ಮನಾಯಿತು. ಭಾವನ ಅಂಗಿ ಅವರಿಗೆ ಮೊಣಕಾಲಿನ ತನಕ ಬರುತ್ತಿತ್ತು.

ಪಾರ್ಲರಿನಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋದೆವು. ಅಳತೆಗೆ ಒಂದು ತಲೆ ಬೇಕು. ನನ್ನದು ಹುಟ್ಟಾ ನೇರ, ಅಕ್ಕನ ಕೈಯಲ್ಲಿ ಇಸ್ತ್ರಿ. ಅಕ್ಕ ಮ್ಯಾನೇಜರನ್ನು ಆಸೆಯಿಂದ ನೋಡಿದಳು.

"ಇದು ಲೇಡೀಸ್ ಪಾರ್ಲರು ಸರ್, ಆದ್ರೂ ಪರ್ವಾಗಿಲ್ಲ. ನಿಮ್ ಗುಂಗುರು ಭಾಳ ಲಾಯ್ಕಿದೆ. ನಿಮಗೇ ಮಾಡಿ ತೋರಿಸ್ಲಾ?"

ಹಸಿರು ಬಣ್ಣದ ಮೇಲೆ ಅವರಿಗಿದ್ದ ನಂಬಿಕೆ ನಿಜಕ್ಕೂ ದೊಡ್ಡದು. ಕೂತೇಬಿಟ್ಟರು. ಅಕ್ಕ ಬಾಗಿಲು ಹಾಕಿ, ಎಸಿ ಹಚ್ಚಿ, ಕ್ರೀಮು ಬಳಿದು ಒಣಗಿಸಿ, ಎಡಗಡೆಯಿಂದ ಇಸ್ತ್ರಿ ಶುರು ಮಾಡಿದಳು. ಹೊಗೆ ಎದ್ದಿತು. ಮೀಟರು ಕೀ ಕೀ ಎನ್ನಲಿಲ್ಲ, ಒಂದೇ ಸಮನೆ ಕಿರುಚಿತು. ಮ್ಯಾನೇಜರು ಮೊದಲು ಕಣ್ಣು ಮುಚ್ಚಿದರು, ಆಮೇಲೆ ಮೂಗು ಮುಚ್ಚಿದರು. "ಸಾಕಾ ಸರ್?" ಎಂದೆ. ಮುಂದುವರಿಸಿ ಎಂದು ಕೈಸನ್ನೆ ಮಾಡಿದರು. ಅರ್ಧ ತಲೆ ಮುಗಿಯುವಷ್ಟರಲ್ಲಿ, ಕೊರಳಿಗೆ ಕಟ್ಟಿದ ಹೂವಿನ ಚಿತ್ರದ ಬಟ್ಟೆಯ ಸಮೇತ ಎದ್ದು, ಬಾಗಿಲು ತಳ್ಳಿಕೊಂಡು ಬೀದಿಗೆ ಓಡಿದರು.

ಬಸ್ಸು ಹತ್ತಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಎಡಗಡೆ ಬಾಚಿದ ಹಾಗೆ ನೇರ ಕೂದಲು, ಬಲಗಡೆ ಗುಂಗುರು, ಕೊರಳಿನಲ್ಲಿ ಕಿರುಚುವ ಯಂತ್ರ, ಕೆನ್ನೆಯ ಮೇಲೆ ಧಾರಾಕಾರ ಕಣ್ಣೀರು. ಎಳನೀರಿನವನು ಕೇಳುವ ಮೊದಲೇ ಒಂದು ಕೊಚ್ಚಿ ಕೈಗೆ ಕೊಟ್ಟ. "ಯಾರಾದ್ರೂ ಹೋಗ್ಬಿಟ್ರಾ?" ಎಂದು ಒಬ್ಬ ಹೆಂಗಸು ನನ್ನನ್ನು ಮೆಲ್ಲಗೆ ವಿಚಾರಿಸಿದಳು. ಅಕ್ಕ ಇಸ್ತ್ರಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಸರ್, ಒಳಗೆ ಬನ್ನಿ, ಇನ್ನರ್ಧ ಬಾಕಿ ಇದೆ!"

ಅವರು ಬರಲಿಲ್ಲ. ಒಂದು ಟೋಪಿ ಕೊಂಡು, ಅದನ್ನು ಕಿವಿಯ ತನಕ ಎಳೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು. ನನಗೆ ನಗು ತಡೆಯಲಿಲ್ಲ. ಅಕ್ಕ ನಗಲಿಲ್ಲ. ಗಾಜಿನ ಬಾಗಿಲಿನ ಹೊರಗೆ ನಿಂತು ಒಳಗೇ ನೋಡುತ್ತಿದ್ದಳು.

"ಅರ್ಧ ತಲೆಗೇ ಅಷ್ಟು ದೊಡ್ಡ ಆಫೀಸರು ಓಡಿಹೋದ್ರಲ್ಲೇ," ಎಂದಳು. "ನಾನು ದಿನಾ ಅದ್ರಲ್ಲೇ ಇರ್ತೀನಿ."

ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ.

ವಾರದೊಳಗೆ ಬೆಂಗಳೂರಿನಿಂದ ವರದಿಯ ಕರಡು ಬಂತು. ಅದರಲ್ಲಿ ನಮ್ಮ ಪ್ರವಾಸದ ಇಡೀ ಕಥೆ ಒಂದು ವಾಕ್ಯವಾಗಿತ್ತು: ಒಬ್ಬ ವ್ಯಕ್ತಿಯಲ್ಲಿ ತಾತ್ಕಾಲಿಕ ಕಣ್ಣುರಿ ಕಂಡುಬಂದಿದ್ದು, ಅದಕ್ಕೆ ಆ ವ್ಯಕ್ತಿಯ ವೈಯಕ್ತಿಕ ಸೂಕ್ಷ್ಮತೆ ಕಾರಣವಿರಬಹುದು, ಆದ್ದರಿಂದ ಪರಿಗಣಿಸಿಲ್ಲ. ಬರೆದವರು ಆ ವ್ಯಕ್ತಿಯೇ. ತನ್ನನ್ನು ತಾನೇ ಲೆಕ್ಕದಿಂದ ಹೊಡೆದುಹಾಕಿಕೊಂಡ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮುಚ್ಚಿದ ಕೋಣೆಯ ಲೆಕ್ಕವನ್ನು ಮೊದಲ ಪುಟದಲ್ಲಿ ಹಾಕದಿದ್ದರೆ ನನ್ನ ಹೆಸರು ತೆಗೆಯಿರಿ ಎಂದು ಬರೆದೆ. ಅತ್ತಿಂದಿತ್ತ ಬಹಳ ಮಾತಾಯಿತು. ಕೊನೆಗೆ ನನ್ನ ಲೆಕ್ಕ ಹಿಂದಿನ ಪುಟವೊಂದಕ್ಕೆ ಹೋಯಿತು, ನನ್ನ ಹೆಸರು ಹೊರಗೆ ಹೋಯಿತು. ಕ್ರೀಮಿನವರು ಡಬ್ಬದ ತಳದಲ್ಲಿ ಹೊಸದೊಂದು ಸಾಲು ಅಚ್ಚು ಹಾಕಿಸಿದರು: ಗಾಳಿಯಾಡುವ ಜಾಗದಲ್ಲಿ ಬಳಸಿ. ಇಂಗ್ಲಿಷಿನಲ್ಲಿತ್ತು. ಓದಬೇಕಾದರೆ ಡಬ್ಬ ಮಗುಚಬೇಕು, ಮಗುಚಿದರೆ ಕ್ರೀಮು ಚೆಲ್ಲುತ್ತದೆ.

ಅಕ್ಕ ಇದಾವುದಕ್ಕೂ ಕಾಯಲಿಲ್ಲ. ಮ್ಯಾನೇಜರು ಓಡಿದ ಮರುದಿನವೇ ಬಡಗಿಯನ್ನು ಕರೆಸಿ ಮದುಮಗಳ ಚಿತ್ರದ ಸಮೇತ ಹಲಗೆ ಕೀಳಿಸಿ, ಕಿಟಕಿಯ ಮೇಲೊಂದು ಎಕ್ಸಾಸ್ಟ್ ಫ್ಯಾನು ಕೂರಿಸಿದಳು. ಉಳಿದ ಡಬ್ಬಗಳನ್ನು ಸೇಲ್ಸಿನವನಿಗೆ ಹಿಂದಿರುಗಿಸಿದಳು. ಅವಳು ಹೇಳಿದಂತೆಯೇ ಆಯಿತು. ಮದುವಣಗಿತ್ತಿಯರು ಎದುರಿನ ಪಾರ್ಲರಿಗೆ ನಡೆದರು. ಹುಬ್ಬು ತೀಡಿಸುವವರು, ಮೆಹಂದಿ ಹಾಕಿಸುವವರು ಮಾತ್ರ ಉಳಿದರು. ಆ ಬೇಸಿಗೆ ಅಕ್ಕ ಫೋನು ಮಾಡಿದಾಗಲೆಲ್ಲ ನನ್ನನ್ನು ಬೈದಳು. ಬೈಗುಳದ ನಡುವೆ ಬರುವ ಕೆಮ್ಮನ್ನು ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಅದು ಕಡಿಮೆಯಾಗುತ್ತ ಬಂತು. ಮಳೆ ಹಿಡಿಯುವ ಹೊತ್ತಿಗೆ, ಒಂದು ಸಲವೂ ಕೆಮ್ಮದೆ ಬಹಳ ಹೊತ್ತು ಬೈದಳು.

ನಾನು ಅದೇ ಕಂಪನಿಯಲ್ಲಿದ್ದೇನೆ. ಈಚೆಗೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದೆ. ಅದರಲ್ಲಿ ಭಾರತ ಎಂದು ಆರಿಸಿಕೊಳ್ಳುವ ಅನುಕೂಲವಿದೆ. ಬಹಳ ಆಸೆಯಿಂದ ಆರಿಸಿದೆ. ಮಾದರಿ ಹೆಂಗಸಿನ ತೂಕ ಸ್ವಲ್ಪ ಇಳಿಯಿತು, ಬಾಕಿ ಎಲ್ಲ ಹಾಗೇ ಇತ್ತು. ಈಗ ಪ್ರತಿ ವಸ್ತುವಿಗೂ ಮುಚ್ಚಿದ ಕೋಣೆಯ ಲೆಕ್ಕವನ್ನು ಕೇಳದೆಯೇ ಮಾಡಿ ಕಳಿಸುತ್ತೇನೆ. ಮ್ಯಾನೇಜರು ಬೇಡ ಎನ್ನುವುದಿಲ್ಲ. ಅವರು ಕೂದಲು ಸಣ್ಣಗೆ ಕತ್ತರಿಸಿಕೊಂಡಿದ್ದಾರೆ. ಮೀಟಿಂಗಿನಲ್ಲಿ ಯಾರಾದರೂ ತೀರ್ಥಹಳ್ಳಿ ಎಂದರೆ ಕ್ಯಾಮೆರಾ ಆಫ್ ಮಾಡುತ್ತಾರೆ.